ಒಳಗೆ ಯಾರೋ ಇದ್ದಾರೆ

ಇಂಟರ್ನೆಟ್ ಹೋದಾಗ ಮಾತ್ರ ಬರುವ ಪ್ರಾಣಿಯೊಂದಿದೆ. ಕ್ರೋಮ್ ಬ್ರೌಸರ್ ಬಳಸುವವರೆಲ್ಲ ಅದನ್ನು ಒಂದಲ್ಲ ಒಂದು ದಿನ ಕಂಡಿರುತ್ತಾರೆ. ವರ್ಷವಿಡೀ ರಸ್ತೆ ಅಗೆಯುವವರ ಕೃಪೆಯಿಂದ ನಮ್ಮ ಬೀದಿಯವರು ತುಸು ಹೆಚ್ಚೇ ಕಂಡಿದ್ದೇವೆ. ಸಂಪರ್ಕವಿಲ್ಲ ಎಂಬ ಒಕ್ಕಣೆಯ ಮೇಲೆ ಬೂದು ಬಣ್ಣದ ಪುಟ್ಟ ಡೈನೋಸಾರ್ ಒಂದು ಸುಮ್ಮನೆ ನಿಂತಿರುತ್ತದೆ. ಗೊಣಗಿಕೊಂಡು ಪುಟ ಮುಚ್ಚುವವರಿಗೆ ಅದು ಬರೀ ಚಿತ್ರ. ಸಿಟ್ಟಿನಲ್ಲಿ ಸ್ಪೇಸ್ ಬಾರ್ ಕುಟ್ಟಿದವರಿಗೆ ಮಾತ್ರ ಗೊತ್ತು, ಅದು ಓಡುತ್ತದೆ! ಕಳ್ಳಿಗಿಡ ಎದುರಾದರೆ ಹಾರಿಸಬೇಕು, ರೆಕ್ಕೆಯ ಟೆರೊಡಾಕ್ಟಿಲ್ ಬಂದರೆ ಬಗ್ಗಿಸಬೇಕು. ಸ್ವಲ್ಪ ದೂರ ಓಡಿದ ಮೇಲೆ ಹಗಲು ಕಳೆದು ಕತ್ತಲೂ ಆಗುತ್ತದೆ.

2014ರಲ್ಲಿ ಇದನ್ನು ಒಳಗೆ ಸೇರಿಸಿದ ಕ್ರೋಮ್ ತಂಡದವರ ತರ್ಕವನ್ನು ತಳ್ಳಿಹಾಕುವುದು ಕಷ್ಟ. ಇಂಟರ್ನೆಟ್ ಇಲ್ಲ ಎಂದಮೇಲೆ ನಾವು ಇತಿಹಾಸಪೂರ್ವ ಯುಗಕ್ಕೇ ಹೋದೆವಲ್ಲವೇ! ಟಿ. ರೆಕ್ಸ್ ಎಂಬ ರಾಕ್ ತಂಡದ ಹಾಡುಗಾರ ಮಾರ್ಕ್ ಬೋಲನ್‌ನ ಹೆಸರು ಹಿಡಿದು ಅವರು ಈ ಕೆಲಸಕ್ಕೆ 'ಪ್ರಾಜೆಕ್ಟ್ ಬೋಲನ್' ಎಂಬ ಗುಪ್ತನಾಮವನ್ನೂ ಇಟ್ಟುಕೊಂಡಿದ್ದರು. ಆಟಕ್ಕೆ ಕೊನೆ ಇದೆಯೇ ಎಂದರೆ, ಇದೆ, ಸುಮಾರು 1.7 ಕೋಟಿ ವರ್ಷ ಬಿಡದೆ ಆಡಿದರೆ ಮುಗಿಯುತ್ತದೆ ಎಂದು ಮುಖ ಗಂಭೀರ ಮಾಡಿಕೊಂಡು ಹೇಳಿದವರು ಅವರು. ಮಕ್ಕಳು ಓದು ಬಿಟ್ಟು, ನೌಕರರು ಕೆಲಸ ಬಿಟ್ಟು ಇದನ್ನೇ ಆಡುತ್ತಾರೆಂಬ ದೂರು ಬಂದಾಗ, ಶಾಲೆ ಮತ್ತು ಕಚೇರಿಗಳ ಮೇಲ್ವಿಚಾರಕರು ಆಟವನ್ನು ನಿಲ್ಲಿಸಿಡುವ ವ್ಯವಸ್ಥೆಯನ್ನೂ ಮಾಡಿಕೊಡಬೇಕಾಯಿತು. 2018ರಲ್ಲಿ ಗೂಗಲ್ ಕೊಟ್ಟ ಲೆಕ್ಕದಂತೆ ತಿಂಗಳಿಗೆ 27 ಕೋಟಿ ಆಟ. ಆಡುವವರಲ್ಲಿ ಹೆಚ್ಚಿನವರು ಭಾರತ, ಬ್ರೆಜಿಲ್, ಮೆಕ್ಸಿಕೊ, ಇಂಡೊನೇಷ್ಯಾದಂಥ ಕಡೆಯವರು. ಅಂದರೆ ಮೊಬೈಲ್ ಡೇಟಾ ದುಬಾರಿಯಾದ ಅಥವಾ ನೆಚ್ಚಲಾಗದ ಊರುಗಳವರು. ಇದರಲ್ಲಿ ನಮ್ಮ ಬೀದಿಯ ಕೊಡುಗೆ ಎಷ್ಟೆಂದು ಅವರು ಬಿಡಿಸಿ ಹೇಳಿಲ್ಲ.

ಈ ಬಗೆಯ ಕಿತಾಪತಿಗಳನ್ನು ನನಗೆ ಪರಿಚಯಿಸಿದವನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ತಂಗಿಯ ಮಗ. ಹಬ್ಬಕ್ಕೆ ಬಂದಾಗಲೆಲ್ಲ ನನ್ನ ಕಂಪ್ಯೂಟರ್ ಮುಂದೆ ಕೂತು, "ಮಾವ, ಇಲ್ನೋಡಿ" ಅನ್ನುತ್ತಾನೆ. ಗೂಗಲ್‌ನಲ್ಲಿ 'ಡು ಎ ಬ್ಯಾರಲ್ ರೋಲ್' ಎಂದು ಇಂಗ್ಲಿಷಿನಲ್ಲಿ ಬರೆದು ಒತ್ತಿದರೆ ಪುಟಕ್ಕೆ ಪುಟವೇ ಒಂದು ಲಾಗ ಹಾಕಿ ಏನೂ ಆಗದಂತೆ ನಿಂತುಕೊಳ್ಳುತ್ತದೆ. 'ರಿಕರ್ಷನ್' ಎಂದು ಹುಡುಕಿದರೆ, ನೀವು ಕೇಳಿದ್ದು ರಿಕರ್ಷನ್ ಅಲ್ಲವೇ ಎಂದು ವಿನಯದಿಂದ ತಿದ್ದುತ್ತದೆ. ಹೌದಪ್ಪ ಎಂದು ಅದನ್ನೊತ್ತಿದರೆ ಮತ್ತೆ ಅದೇ ಪುಟ, ಅದೇ ವಿನಯ. 'ಆಸ್ಕ್ಯೂ' ಎಂದರೆ ಪುಟ ಒಂದಿಷ್ಟೇ ಇಷ್ಟು ಓರೆಯಾಗುತ್ತದೆ. ಈ 'ಒಂದಿಷ್ಟೇ ಇಷ್ಟು' ಎಂಬುದರಲ್ಲಿಯೇ ಇದನ್ನು ಮಾಡಿದ ಹುಡುಗರ ಜಾಣತನ ಇರುವುದು. ಪೂರ್ತಿ ತಲೆಕೆಳಗಾದರೆ ಯಾರಿಗೂ ತಿಳಿಯುತ್ತದೆ, ತುಸುವೇ ಓರೆಯಾದರೆ ಮನುಷ್ಯ ಮೊದಲು ತನ್ನ ಕಣ್ಣನ್ನು ಅನುಮಾನಿಸುತ್ತಾನೆ, ಆಮೇಲೆ ಮೇಜನ್ನು.

ನಮ್ಮ ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ಟರು ವಿದ್ಯುತ್ ಬಿಲ್ ಕಟ್ಟಲೆಂದು ಬಂದಾಗ ಪರದೆಯ ಮೇಲೆ ಆ ಪುಟ ಹಾಗೇ ಉಳಿದಿತ್ತು. ನಲವತ್ತು ವರ್ಷ ಮಾರ್ಜಿನ್ ಹಾಕಿಸಿದ ಕಣ್ಣು ಅವರದು. ಮಾತಾಡದೆ ಟೀಪಾಯಿಯ ಮೇಲಿದ್ದ ಲಗ್ನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಮಾನಿಟರಿನ ಎಡಗಾಲಿನ ಕೆಳಗೆ ತುರುಕಿದರು. ಪುಟ ಇನ್ನೂ ಓರೆಯಾಯಿತು. ತೆಗೆದು ಬಲಗಾಲಿಗಿಟ್ಟರು. ಈಗ ಪುಟವೇನೋ ನೆಟ್ಟಗಾಯಿತು, ಮಾನಿಟರು ವಾಲಿತು. ಗುಟ್ಟು ಹೇಳಿದಾಗ ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಯಾವ ಸ್ಕೂಲಲ್ಲಿ ಓದಿದ ಹುಡುಗನ್ರೀ ಇದನ್ನ ಮಾಡ್ದೋನು?" ಎಂದರು.

ನನಗೆ ಅದು ಸರಿಯಾದ ಪ್ರಶ್ನೆ ಅನಿಸಿತು. ಬೆಳಗ್ಗಿನಿಂದ ರಾತ್ರಿವರೆಗೆ ನಾವು ಬಳಸುವ ಪುಟಗಳನ್ನೆಲ್ಲ ಯಾರೋ ಮಾಡಿರುತ್ತಾರೆ ಎಂಬುದೇ ನಮಗೆ ಹೊಳೆಯುವುದಿಲ್ಲ. ಓಟಿಪಿ ಕೇಳುವುದು ಯಂತ್ರ, ತಿರಸ್ಕರಿಸುವುದೂ ಯಂತ್ರ. ಪುಟ ಓರೆಯಾದಾಗ ಮಾತ್ರ, ಅರೆ, ಒಳಗೆ ಯಾರೋ ಇದ್ದಾರಲ್ಲ ಎನಿಸುತ್ತದೆ.

ಒಳಗಿದ್ದವನು ತಾನಿದ್ದೇನೆಂದು ಹೇಳಿಕೊಳ್ಳಲು ಹೊರಟ ಕತೆಗಳಲ್ಲಿ ಹೆಸರಾದದ್ದು ವಾರನ್ ರಾಬಿನೆಟ್ ಎಂಬಾತನದು. ವೆಬ್‌ಸೈಟು ಎಂಬುದು ಹುಟ್ಟುವುದಕ್ಕೂ ಎಷ್ಟೋ ಮೊದಲು, ಅಮೆರಿಕದ ಅಟಾರಿ ಕಂಪನಿಗಾಗಿ ಅವನು 'ಅಡ್ವೆಂಚರ್' ಎಂಬ ಆಟ ಬರೆದ. ಆಟ ಬರೆದವರ ಹೆಸರು ಹಾಕುವ ಪದ್ಧತಿ ಅಟಾರಿಯಲ್ಲಿ ಇರಲಿಲ್ಲ. ರಾಬಿನೆಟ್ ಜಗಳವಾಡಲಿಲ್ಲ, ಅರ್ಜಿಯನ್ನೂ ಕೊಡಲಿಲ್ಲ. ಆಟದ ಒಂದು ಗೋಡೆಯೊಳಗೆ, ಹಿನ್ನೆಲೆಯ ಬಣ್ಣದಲ್ಲೇ ಬೆರೆತುಹೋಗುವ ಒಂದೇ ಒಂದು ಬೂದು ಚುಕ್ಕೆ ಇಟ್ಟ. ಅದನ್ನು ಹುಡುಕಿ, ಹೊತ್ತು, ಸರಿಯಾದ ಜಾಗಕ್ಕೆ ಒಯ್ದವನಿಗೆ ಗುಪ್ತ ಕೋಣೆಯೊಂದು ತೆರೆದು, ಇದನ್ನು ಮಾಡಿದವನು ವಾರನ್ ರಾಬಿನೆಟ್ ಎಂಬ ಸಾಲು ಬಣ್ಣಬಣ್ಣವಾಗಿ ಮಿನುಗುತ್ತಿತ್ತು. ಈ ಗುಟ್ಟನ್ನು ಕಂಪನಿಯಲ್ಲಿ ಯಾರಿಗೂ ಹೇಳದೆ ಅವನು ಕೆಲಸ ಬಿಟ್ಟು ಹೋದ. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ಹುಡುಗನೊಬ್ಬ ಅದನ್ನು ಪತ್ತೆಹಚ್ಚಿ ಕಾಗದ ಬರೆದಾಗಲೇ ಅಟಾರಿಗೆ ಗೊತ್ತಾದದ್ದು. ಅಳಿಸೋಣವೆಂದರೆ ಚಿಪ್ಪಿನ ಅಚ್ಚನ್ನೇ ಹೊಸದಾಗಿ ಮಾಡಿಸುವ ಖರ್ಚು. ಅಲ್ಲಿದ್ದ ಸ್ಟೀವ್ ರೈಟ್ ಎಂಬುವರು, ಇರಲಿ ಬಿಡಿ, ಮಕ್ಕಳು ಈಸ್ಟರ್ ಹಬ್ಬದಲ್ಲಿ ಮೊಟ್ಟೆ ಹುಡುಕುವ ಹಾಗೆ ಹುಡುಕಲಿ ಎಂದರು. ಅಂದಿನಿಂದ ಇಂಥವಕ್ಕೆಲ್ಲ ಈಸ್ಟರ್ ಎಗ್ ಎಂದೇ ಹೆಸರು.

ಇದನ್ನು ಓದುವಾಗ ನಮ್ಮ ಹೊಯ್ಸಳರ ಶಿಲ್ಪಿಗಳು ನೆನಪಾಗದಿದ್ದರೆ ಹೇಗೆ? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಎಲ್ಲರೂ ತಾವು ಕಡೆದ ಮೂರ್ತಿಗಳ ಪೀಠದ ಮೇಲೆ ರಾಜಾರೋಷವಾಗಿ ಹೆಸರು ಕೆತ್ತಿಟ್ಟರು. ಕೆಲವರು ಬಿರುದುಗಳನ್ನೂ ಬಿಡಲಿಲ್ಲ. ವಿಷ್ಣುವರ್ಧನನ ಕೆಳಗೆ ಕೆಲಸ ಮಾಡಿದ್ದರೆ ರಾಬಿನೆಟ್‌ಗೆ ಚುಕ್ಕೆ ಬಚ್ಚಿಡುವ ಪಾಡು ಬರುತ್ತಿರಲಿಲ್ಲ.

ನಾನು ಕೆಲಸ ಮಾಡಿದ್ದು ಲೆಕ್ಕಪತ್ರ ವಿಭಾಗದಲ್ಲಿ. ಎಕ್ಸೆಲ್ 97ರಲ್ಲಿ ಡೆಬಿಟ್ಟು ಕ್ರೆಡಿಟ್ಟು ತುಂಬುತ್ತಾ ಯೌವನ ಸವೆಸಿದವನು. ಅದೇ ಎಕ್ಸೆಲ್ 97ರ ಒಳಗೆ ವಿಮಾನ ಹಾರಿಸುವ ಆಟ ಅಡಗಿತ್ತೆಂದು ನಿವೃತ್ತನಾದ ಮೇಲೆ ತಿಳಿಯಿತು. ಖಾಲಿ ಹಾಳೆ ತೆರೆದು, ಎಫ್5 ಒತ್ತಿ, ಎಕ್ಸ್97:ಎಲ್97 ಎಂದು ಬರೆದು, ಎಂಟರ್, ಆಮೇಲೆ ಟ್ಯಾಬ್, ಕೊನೆಗೆ ಕಂಟ್ರೋಲ್ ಶಿಫ್ಟ್ ಎರಡನ್ನೂ ಅದುಮಿ ಹಿಡಿದು ಚಾರ್ಟ್ ವಿಝಾರ್ಡ್ ಗುಂಡಿ ಒತ್ತಬೇಕು. ಹಾಳೆ ಮಾಯವಾಗಿ ಗುಡ್ಡಗಾಡಿನ ಮೇಲೆ ಹಾರಾಡುತ್ತಿರುತ್ತೀರಿ. ಹಾರುತ್ತಾ ಹೋದರೆ ಒಂದು ಕಲ್ಲಿನ ಮೇಲೆ ಎಕ್ಸೆಲ್ ಕಟ್ಟಿದವರ ಹೆಸರುಗಳು! ಮಾರ್ಚ್ 31ರ ರಾತ್ರಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ನಾವು ಐದಾರು ಜನ ತಲೆ ಮೇಲೆ ಕೈಹೊತ್ತು ಕೂತಿದ್ದೆವಲ್ಲ, ಆಗ ಯಾರಾದರೂ ಒಬ್ಬರು ಈ ಮಾತು ಹೇಳಬಾರದಿತ್ತೇ?

2002ರ ಸುಮಾರಿಗೆ ಮೈಕ್ರೋಸಾಫ್ಟ್ ಇಂಥವನ್ನೆಲ್ಲ ಬಂದ್ ಮಾಡಿತು. ತಂತ್ರಾಂಶ ಕೊಳ್ಳುವ ಬ್ಯಾಂಕಿಗೂ ಸರಕಾರಕ್ಕೂ ಅದರೊಳಗೆ ಏನೇನಿದೆ ಎಂದು ಗೊತ್ತಿರಬೇಕು. ಪಟ್ಟಿಯಲ್ಲಿಲ್ಲದ ವಿಮಾನ ಇರಬಹುದಾದರೆ ಪಟ್ಟಿಯಲ್ಲಿಲ್ಲದ ಕನ್ನಗಂಡಿಯೂ ಇರಬಹುದು. ಆಡಿಟ್ ಕಂಡವನಾದ ನನಗೆ ಈ ವಾದದಲ್ಲಿ ತಪ್ಪು ಹುಡುಕಲು ಆಗುತ್ತಿಲ್ಲ. ಹುಡುಕುವ ಆಸೆಯಂತೂ ಇದೆ.

ಹಾಗೆ ಹೊರದೂಡಿಸಿಕೊಂಡ ತುಂಟತನಕ್ಕೆ ವೆಬ್‌ಸೈಟುಗಳಲ್ಲಿ ಧಾರಾಳ ಜಾಗವಿತ್ತು. ಮೇಲೆ ಮೇಲೆ ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ ಎಂಬುದು ಜಪಾನಿನ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಕಟ್ಟಿದ ಗುಟ್ಟಿನ ಕ್ರಮ. 'ಗ್ರೇಡಿಯಸ್' ಎಂಬ ಆಟವನ್ನು ಪರೀಕ್ಷಿಸಬೇಕಿತ್ತು, ಅದು ಅವರಿಗೇ ಕಷ್ಟವಾಗುತ್ತಿತ್ತು. ಅದಕ್ಕೆಂದು ಮಾಡಿಕೊಂಡ ಒಳದಾರಿ 1986ರಲ್ಲಿ ಆಟದ ಜೊತೆಗೇ ಹೊರಬಿತ್ತು. 2009ರಲ್ಲಿ ಇಎಸ್‌ಪಿಎನ್ ಕ್ರೀಡಾ ಜಾಲತಾಣದಲ್ಲಿ ಅದೇ ಕ್ರಮ ಒತ್ತಿದರೆ ಸ್ಕೋರುಗಳ ಮೇಲೆಲ್ಲ ಕಾಮನಬಿಲ್ಲು, ಒಂಟಿ ಕೊಂಬಿನ ಕುದುರೆಗಳು. ಬ್ರಿಟನ್ನಿನ ವೋಗ್ ಫ್ಯಾಷನ್ ಪತ್ರಿಕೆಯ ತಾಣದಲ್ಲಿ ಟೋಪಿ ತೊಟ್ಟ ಡೈನೋಸಾರುಗಳು ಮೆರವಣಿಗೆ ಹೊರಡುತ್ತಿದ್ದವು. ಗೂಗಲ್ ಮ್ಯಾಪ್ಸ್ 2007ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ದಾರಿ ಕೇಳಿದವರಿಗೆ ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ ಎಂದು ಹೇಳುತ್ತಾ ನಡುವೆ ಒಂದು ಕಡೆ, ಅಟ್ಲಾಂಟಿಕ್ ಸಾಗರವನ್ನು ಈಜಿ ದಾಟಿ ಎಂದೂ ಹೇಳುತ್ತಿತ್ತು.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಟೀ ಕುಡಿಕೆ. ಪುಟ ಸಿಗದಿದ್ದರೆ 404 ಎಂಬ ಅಂಕಿ ಬರುತ್ತದಲ್ಲ, ಅದೇ ಸಾಲಿನಲ್ಲಿ 418 ಎಂಬುದೂ ಒಂದಿದೆ. ನಾನು ಟೀ ಕುಡಿಕೆ ಎಂದು ಅದರ ಅರ್ಥ. 1998ರ ಏಪ್ರಿಲ್ 1ರಂದು ಲ್ಯಾರಿ ಮ್ಯಾಸಿಂಟರ್ ಎಂಬ ತಜ್ಞರು ಇಂಟರ್ನೆಟ್ಟಿನ ನಿಯಮಪತ್ರಗಳದ್ದೇ ಶೈಲಿಯಲ್ಲಿ, ಎಲ್ಲೂ ನಗದೆ, ಕಾಫಿ ಪಾತ್ರೆಗಳನ್ನು ಜಾಲದ ಮೂಲಕ ನಿಯಂತ್ರಿಸುವ ವಿಧಾನವನ್ನು ಬರೆದರು. ಕಾಫಿ ಕೊಡು ಎಂದು ಟೀ ಕುಡಿಕೆಗೆ ಆಜ್ಞೆ ಮಾಡಿದರೆ ಅದು 418 ಎಂದು ಉತ್ತರಿಸಬೇಕು. ಕಾಫಿಗೆ ಏನೇನು ಬೆರೆಸಬಹುದೆಂಬ ಪಟ್ಟಿಯೂ ಅದರಲ್ಲುಂಟು. ಹಾಲಿನಲ್ಲಿ ಹಲವು ಬಗೆ, ವೆನಿಲಾ, ಬಾದಾಮಿ, ವಿಸ್ಕಿ, ರಮ್ಮು. ಚಿಕೋರಿಯ ಸುದ್ದಿಯೇ ಇಲ್ಲ! ಬೈ-ಟುಗೂ ಯಾವ ಅಂಕಿಯೂ ಇಲ್ಲ. ಹಾಲು ಹೊಯ್ಯುತ್ತಿರುವಾಗ ಎಲ್ಲಿ ನಿಲ್ಲಿಸಬೇಕೆಂದು ಹೇಳಲಿಕ್ಕೆ ಮಾತ್ರ ಪ್ರತ್ಯೇಕವಾದ ಒಂದು ಆಜ್ಞೆ ಇದೆ. ಮಲೆನಾಡಿನ ಮದುವೆಮನೆಯಲ್ಲಿ ಬಡಿಸುವವರನ್ನು ಮ್ಯಾಸಿಂಟರ್ ಕಂಡಿರಲಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಅಲ್ಲಿ ಸಾಕು ಎಂದ ಮೇಲೆಯೇ ಎರಡನೇ ಸೌಟು ಬೀಳುವುದು.

ತಮಾಷೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪ್ರೋಗ್ರಾಮರುಗಳು ಈ 418ನ್ನು ನಿಜವಾದ ತಂತ್ರಾಂಶಗಳಲ್ಲೂ ಅಳವಡಿಸಿಬಿಟ್ಟರು. 2017ರಲ್ಲಿ ಶಿಸ್ತಿನ ತಜ್ಞರೊಬ್ಬರು, ಅಂಕಿಗಳ ಪಟ್ಟಿಯಲ್ಲಿ ಹಾಸ್ಯಕ್ಕೆ ಜಾಗ ಬೇಡ, ತೆಗೆಯಿರಿ ಎಂದು ಕೇಳಿದರು. ಆಗ ಹದಿಹರೆಯದ ಹುಡುಗನೊಬ್ಬ ಟೀ ಕುಡಿಕೆ ಉಳಿಸಿ ಎಂದು ಚಳವಳಿಯನ್ನೇ ಹೂಡಿದ. ಕುಡಿಕೆ ಉಳಿಯಿತು.

ಬಚ್ಚಿಟ್ಟದ್ದೆಲ್ಲ ನಗಿಸಲೆಂದೇ ಬಚ್ಚಿಟ್ಟದ್ದಲ್ಲ. ಇಂಗ್ಲಿಷ್ ಹಾಸ್ಯ ಕಾದಂಬರಿಕಾರ ಟೆರಿ ಪ್ರ್ಯಾಚೆಟ್ 2004ರಲ್ಲಿ ಬರೆದ 'ಗೋಯಿಂಗ್ ಪೋಸ್ಟಲ್' ಕಾದಂಬರಿಯಲ್ಲಿ ಗುಡ್ಡದಿಂದ ಗುಡ್ಡಕ್ಕೆ ಸುದ್ದಿ ದಾಟಿಸುವ ಗೋಪುರಗಳಿವೆ. ಅಲ್ಲಿ ಕೆಲಸ ಮಾಡುತ್ತಾ ಸತ್ತವನ ಹೆಸರನ್ನು ಸಂಗಡಿಗರು ಸುದ್ದಿಯ ಜೊತೆ ಸೇರಿಸಿ ಕಳಿಸುತ್ತಾರೆ, ಮೂರು ಸಂಕೇತಾಕ್ಷರ ಹಚ್ಚಿ: ಮುಂದಕ್ಕೆ ಕಳಿಸು, ದಾಖಲೆ ಬೇಡ, ಕೊನೆ ಮುಟ್ಟಿದರೆ ಹಿಂದಕ್ಕೆ ತಿರುಗಿಸು. ಹೆಸರು ಗೋಪುರಗಳ ನಡುವೆ ಓಡಾಡುತ್ತಲೇ ಇರುತ್ತದೆ. 2015ರ ಮಾರ್ಚಿನಲ್ಲಿ ಪ್ರ್ಯಾಚೆಟ್ ತೀರಿಕೊಂಡಾಗ ಓದುಗರಾಗಿದ್ದ ಪ್ರೋಗ್ರಾಮರುಗಳು ತಮ್ಮ ತಮ್ಮ ವೆಬ್‌ಸೈಟುಗಳಲ್ಲಿ ಅದನ್ನೇ ಮಾಡಿದರು. ಪುಟ ತೆರೆಯುವ ಮುನ್ನ ಎರಡು ಕಂಪ್ಯೂಟರುಗಳ ನಡುವೆ ನಡೆಯುವ, ನಮ್ಮ ಕಣ್ಣಿಗೆ ಬೀಳದ ಮಾತುಕತೆಯಲ್ಲಿ ಅವನ ಹೆಸರು ಸೇರಿಸಿದರು. ಎಷ್ಟೋ ತಾಣಗಳಲ್ಲಿ ಅದು ಇನ್ನೂ ಓಡಾಡುತ್ತಿದೆ.

ಈಚೀಚೆಗೆ ಕಂಪನಿಗಳೇ ಅಚ್ಚರಿಗಳನ್ನು ಏರ್ಪಾಡು ಮಾಡುತ್ತಿವೆ. 2022ರಲ್ಲಿ ಗೂಗಲ್‌ನಲ್ಲಿ ದೀವಳಿಗೆ ಎಂದು ಇಂಗ್ಲಿಷಿನಲ್ಲಿ ಹುಡುಕಿ ಹಣತೆ ಒತ್ತಿದರೆ ಪರದೆಯ ತುಂಬ ದೀಪಗಳು. ಹೋಳಿ ಎಂದು ಹುಡುಕಿದರೆ ಬಣ್ಣದ ಓಕುಳಿ, ಜೊತೆಗೆ ತೊಳೆಯಲು ನೀರು ಕೂಡ. ಚೆನ್ನಾಗಿಯೇ ಇದ್ದವು. ಆದರೆ ಮರುಬೆಳಗ್ಗೆ ಪತ್ರಿಕೆಗಳಲ್ಲಿ, ಎಲ್ಲಿ ಒತ್ತಬೇಕು, ಎಷ್ಟು ಸಲ ಒತ್ತಬೇಕು ಎಂಬ ವಿವರಗಳು. ಸುತ್ತೋಲೆ ಹೊರಡಿಸಿ ಮಾಡುವ ಚೇಷ್ಟೆ ಚೇಷ್ಟೆಯೇ? ಬಾದಾಮಿಯ ಮೊದಲನೇ ಗುಹೆಯಲ್ಲಿ ಜನವೆಲ್ಲ ಹದಿನೆಂಟು ಕೈಗಳ ನಟರಾಜನ ಮುಂದೆ ಕಿಕ್ಕಿರಿದಿರುತ್ತಾರೆ. ಇನ್ನೊಂದು ಬದಿಯಲ್ಲಿ, ದ್ವಾರಪಾಲಕನ ಕೆಳಗೆ, ಒಂದೇ ತಲೆಯನ್ನು ಹಂಚಿಕೊಂಡ ಎರಡು ಪ್ರಾಣಿಗಳಿವೆ. ಒಂದು ಮಗ್ಗುಲಿನಿಂದ ಅದು ಆನೆ, ಇನ್ನೊಂದರಿಂದ ಎತ್ತು. ಆರನೇ ಶತಮಾನದ ಯಾರೋ ಚಾಳುಕ್ಯ ಕಲಾವಿದ ತಾನಾಗಿ ಕಂಡುಕೊಳ್ಳುವವರಿಗೆಂದು ಬಿಟ್ಟದ್ದು. ಗೈಡುಗಳು ಕೈ ಅಡ್ಡ ಹಿಡಿದು ತೋರಿಸಿಬಿಡುತ್ತಾರೆ. ಇಷ್ಟು ಹೊತ್ತು ನಾನು ಮಾಡಿದ್ದೂ ಅದನ್ನೇ ಅನ್ನಿ.

ಕಳೆದ ಯುಗಾದಿಗೆ ಬಂದಾಗ ತಂಗಿಯ ಮಗ ತಾನೂ ಒಂದು ಬಚ್ಚಿಟ್ಟಿದ್ದೇನೆಂದು ಹೇಳಿದ. ಅವನ ಕಂಪನಿಯವರು ರಜೆ ಅರ್ಜಿ ಹಾಕುವ ಪುಟದ ತಲೆಬರಹವನ್ನು ಏಳು ಸಲ ಒತ್ತಿದರೆ, 'ಊಟ ಆಯ್ತಾ?' ಎಂದು ಕನ್ನಡದಲ್ಲಿ ಮೂಡುತ್ತದಂತೆ. "ಸಿಕ್ಕಿಬಿದ್ಯೇನೋ?" ಎಂದೆ. ಸಿಕ್ಕಿಬಿದ್ದಿದ್ದ. ಪುಟ ಪರೀಕ್ಷಿಸುವ ಹುಡುಗಿ, ಹಾಸನದ ಕಡೆಯವಳಂತೆ, ಪತ್ತೆಹಚ್ಚಿ ನಿಯಮದಂತೆ ದೂರು ದಾಖಲಿಸಿದ್ದಳು. "ತೆಗೀಬೇಕು ಅಂತಾನಾ?" ಎಂದು ಕೇಳಿದೆ.

"ಇಲ್ಲ ಮಾವ. ಸಂಜೆ ನಾಲ್ಕು ಗಂಟೆ ಮೇಲೂ ಊಟ ಆಯ್ತಾ ಅಂತಾನೇ ಕೇಳ್ತಿದೆ, ಕಾಫಿ ಆಯ್ತಾ ಅಂತ ಬರ್ಬೇಕು ಅಂತ ಬರ್ದಿದ್ಲು. ಮುಂದಿನ ರಿಲೀಸಲ್ಲಿ ಸರಿ ಮಾಡ್ತಿದೀನಿ."