ವಾಲುವ ಚೆಂಡು, ಬಾಗದ ಯಜಮಾನರು

ಪರದೇಶದ ಮಗನ ಮನೆಗೆ ಬಂದು ನೆಲೆಸಿದ ನಿವೃತ್ತ ಗಂಡಸಿನಷ್ಟು ಅಪಾಯದ ಪ್ರಾಣಿ ಭೂಮಿಯ ಮೇಲೆ ಇನ್ನೊಂದಿಲ್ಲ. ಹೆಂಗಸರಿಗಾದರೆ ಅಡುಗೆಮನೆ ಇದೆ, ಮೊಮ್ಮಗಳ ಜಡೆ ಇದೆ, ಊರಲ್ಲಿರುವ ಓರಗಿತ್ತಿಯ ಜೊತೆ ಗಂಟೆಗಟ್ಟಲೆ ವಾಟ್ಸಾಪ್ ಇದೆ. ಗಂಡಸಿಗೆ ಏನಿದೆ? ಬೆಳಿಗ್ಗೆ ಎದ್ದು ಯಾರ ಕೋಣೆಯಲ್ಲಿ ಲೈಟು ಸುಮ್ಮನೆ ಉರಿಯುತ್ತಿದೆ ಎಂದು ಗಸ್ತು ತಿರುಗುವುದು, ಕಸದ ಡಬ್ಬಿಯಲ್ಲಿ ಹಳದಿ ಮುಚ್ಚಳದ್ದಕ್ಕೆ ಏನು ಹಾಕಬೇಕು ಎಂದು ಸೊಸೆಗೆ ಪಾಠ ಹೇಳುವುದು, ಊರಲ್ಲಿ ಇನ್ನೂ ಬೆಳಗಿನ ಜಾವ ಎಂದು ಗೊತ್ತಿದ್ದೂ ತಮ್ಮನಿಗೆ ಫೋನು ಹಚ್ಚುವುದು. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಸಹಿ ಹಾಕಲು ಏನೂ ಸಿಗದೆ ಫ್ರಿಜ್ಜಿನೊಳಗಿನ ಮೊಸರಿನ ಡಬ್ಬಿಗಳ ಎಕ್ಸ್‌ಪೈರಿ ತಾರೀಕು ಆಡಿಟ್ ಮಾಡುವ ಮಟ್ಟಕ್ಕೆ ಬಂದಿದ್ದರು.

ಸೊಸೆ ಜಾಣೆ. ಜಗಳಕ್ಕೆ ಹೋಗಲಿಲ್ಲ. ಎರಡು ಬೀದಿಯಾಚೆ ಒಂದು ಬೌಲ್ಸ್ ಕ್ಲಬ್ಬಿದೆ, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟ, ಶುಕ್ರವಾರ ಸಂಜೆ ಹೊಸಬರೂ ಬರಬಹುದಂತೆ, ಒಮ್ಮೆ ಹೋಗಿ ನೋಡಿ ಮಾವ ಎಂದಳು. ಅದೂ ಮೆಲ್ಬರ್ನಿನಲ್ಲಿ ಬೌಲ್ಸ್ ಕ್ಲಬ್ಬಿಗೆ ಬರವೇ! ನೂರು ವರ್ಷ ದಾಟಿದ ಕ್ಲಬ್ಬುಗಳು ಬಡಾವಣೆ ಬಡಾವಣೆಯಲ್ಲೂ ಇವೆ. ವಿಂಡ್ಸರ್‌ನಲ್ಲಿರುವ ಮೆಲ್ಬರ್ನ್ ಬೌಲಿಂಗ್ ಕ್ಲಬ್ಬಂತೂ 1864ರದ್ದು.

“ಅದು ಮುದುಕರ ಆಟ ಕಣೇ” ಎಂದರು ಇವರು ನನ್ನ ಹತ್ತಿರ, ಗುಟ್ಟಾಗಿ.

“ಹೌದೂರೀ, ಅದಕ್ಕೇ ಹೇಳಿರೋದು” ಎಂದೆ.

ಒಂದು ವಾರ ಮಾತು ಬಿಟ್ಟು, ಆಮೇಲೆ ಹೊರಟರು. ನಾನೂ ಹಿಂದೆ ಹೊರಟೆ. ಶುಕ್ರವಾರದ ಆಟದಲ್ಲಿ ಗಂಡಸು ಹೆಂಗಸು ಎಂಬ ಭೇದವಿಲ್ಲ, ಆಡಬೇಕೆನ್ನುವವರು ಆಡಬಹುದು. ಬರಿಗಾಲಲ್ಲಿ ಆಡಿದರೂ ಸರಿ. ಈ ದೇಶದಲ್ಲಿ ಕಾಲೇಜು ಹುಡುಗ ಹುಡುಗಿಯರು ಹಾಗೇ ಚಪ್ಪಲಿ ಬಿಟ್ಟು ಬಂದು, ಒಂದು ಕೈಯಲ್ಲಿ ಬಿಯರು, ಇನ್ನೊಂದರಲ್ಲಿ ಚೆಂಡು ಹಿಡಿದು ಆಡುತ್ತಾರೆ. ಎತ್ತರದ ಹಿಮ್ಮಡಿಯ ಷೂ ಹಾಕಿಕೊಂಡು ಹುಲ್ಲಿನ ಮೇಲೆ ಕಾಲಿಟ್ಟರೆ ಮಾತ್ರ ಗ್ರೀನ್‌ಕೀಪರ್ ಎಂಬಾತ ಎಲ್ಲಿದ್ದರೂ ಪ್ರತ್ಯಕ್ಷನಾಗುತ್ತಾನೆ. ಆ ಹುಲ್ಲನ್ನು ಕತ್ತರಿಸುತ್ತಾರೋ ಕ್ಷೌರ ಮಾಡುತ್ತಾರೋ, ಅಷ್ಟು ನಯ.

ಮೊದಲ ಪಾಠ ಚೆಂಡು ಆರಿಸುವುದು. ಎರಡು ಕೈಗಳ ಹೆಬ್ಬೆರಳು ಒಂದಕ್ಕೊಂದು ತಾಗಿಸಿ, ನಡುಬೆರಳು ಒಂದಕ್ಕೊಂದು ತಾಗಿಸಿ, ಆ ಉಂಗುರದೊಳಗೆ ಚೆಂಡಿನ ನಡುಭಾಗ ಕೂತರೆ ಅದು ನಿಮ್ಮ ಅಳತೆ. ಕೂರದಿದ್ದರೆ ಚಿಕ್ಕದು ತಗೋಬೇಕು. ಇವರ ಬೆರಳುಗಳ ನಡುವೆ ಎರಡು ಇಂಚು ಅಂತರ ಉಳಿದಿತ್ತು, ಆದರೂ “ದೊಡ್ಡದೇ ಇರಲಿ” ಎಂದರು. ಒಂದೂವರೆ ಕಿಲೋ ತೂಗುವ ಸಾಮಾನು ಅದು. ಎರಡನೇ ಎಸೆತಕ್ಕೇ ಸದ್ದಿಲ್ಲದೆ ಹೋಗಿ ಬದಲಾಯಿಸಿಕೊಂಡು ಬಂದರು. ನಾನು ನೋಡಲಿಲ್ಲ ಅಂದುಕೊಂಡಿದ್ದಾರೆ.

ಇನ್ನು ಆಟ. ತುದಿಯಲ್ಲಿ ಒಂದು ಪುಟ್ಟ ಬಿಳಿಯೋ ಹಳದಿಯೋ ಗುಂಡು ಉರುಳಿಸಿ ನಿಲ್ಲಿಸುತ್ತಾರೆ. ಪುಸ್ತಕದಲ್ಲಿ ಅದರ ಹೆಸರು ಜ್ಯಾಕ್. ಇಲ್ಲಿಯವರ ಬಾಯಲ್ಲಿ ಕಿಟ್ಟಿ. ನನ್ನ ಮೈದುನನ ಹೆಸರೂ ಅದೇ, ಅವನ ಹತ್ತಿರಕ್ಕೂ ಯಾರೂ ಸುಲಭವಾಗಿ ಹೋಗಲಾರರು. ನಿಮ್ಮ ಚೆಂಡನ್ನು ಉರುಳಿಸಿ ಆ ಕಿಟ್ಟಿಯ ಪಕ್ಕ ನಿಲ್ಲಿಸಬೇಕು. ಇಷ್ಟೇ ಆಟ. ಇದರಲ್ಲೇನು ಮಹಾ ಎಂದು ಎಲ್ಲ ಹೊಸಬರೂ ಕೇಳುತ್ತಾರೆ. ಮಹಾ ಏನೆಂದರೆ, ಈ ಚೆಂಡು ದುಂಡಗಿಲ್ಲ. ನೋಡಲು ದುಂಡಗಿದೆ, ಅಷ್ಟೆ. ಒಂದು ಪಕ್ಕ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಬೇರೆ ಬಗೆಯಲ್ಲಿ ಉಬ್ಬಿದೆ. ಒಳಗೆ ಸೀಸ ತುಂಬಿದ್ದಾರೆ ಎಂದು ನಂಬಿದವರಿದ್ದಾರೆ. ಈಗಿನ ಚೆಂಡಿನಲ್ಲಿ ಅಂಥದ್ದೇನಿಲ್ಲ, ಎಲ್ಲ ಕರಾಮತ್ತೂ ಆಕಾರದ್ದು. ಜೋರಿನಲ್ಲಿರುವಾಗ ಬಹಳ ಸಭ್ಯವಾಗಿ ನೆಟ್ಟಗೆ ಹೋಗುತ್ತದೆ. ವೇಗ ಇಳಿದ ಹಾಗೆಲ್ಲ ಒಂದು ಮಗ್ಗುಲಿಗೆ ವಾಲಿ, ಕೊನೆಯಲ್ಲಿ ಕೊಡೆಯ ಹಿಡಿಯ ಹಾಗೆ ಸೊಟ್ಟಗೆ ತಿರುಗಿ ನಿಲ್ಲುತ್ತದೆ. ಹಾಗಾಗಿ ಕಿಟ್ಟಿಯನ್ನು ನೋಡಿ ಎಸೆದರೆ ಕಿಟ್ಟಿ ಸಿಗುವುದಿಲ್ಲ. ಎರಡು ಮೂರು ಮಾರು ಪಕ್ಕದಲ್ಲಿ, ಏನೂ ಇಲ್ಲದ ಖಾಲಿ ಹುಲ್ಲನ್ನು ನೋಡಿ ಎಸೆಯಬೇಕು. ಬ್ಯಾಂಕಿನಲ್ಲಿ ಸಾಲಗಾರನ ಮನೆಗೆ ನೇರ ನುಗ್ಗಿ ಅಭ್ಯಾಸವಾದವರಿಗೆ ಇದು ಕಷ್ಟ. ಸುತ್ತಿ ಬಳಸಿ ವಿಷಯಕ್ಕೆ ಬರುವ ನಮ್ಮಂಥವರಿಗೆ ಏನೂ ಕಷ್ಟವಿಲ್ಲ; ನನ್ನ ಮೂರನೆಯ ಚೆಂಡೇ ಕಿಟ್ಟಿಯ ಪಕ್ಕ ಹೋಗಿ ಕೂತಿತು.

ಚೆಂಡಿನ ಒಂದು ಪಕ್ಕ ಚಿಕ್ಕ ಗುರುತು, ಇನ್ನೊಂದು ಪಕ್ಕ ದೊಡ್ಡದು ಇರುತ್ತದೆ. ವಾಲುವುದು ಚಿಕ್ಕ ಗುರುತಿನ ಕಡೆಗೆ. ಅದನ್ನು ನೋಡದೆ ತಿರುಗಾಮುರುಗ ಹಿಡಿದು ಎಸೆದಿರೋ, ಚೆಂಡು ನಿಮ್ಮ ಅಂಕಣ ಬಿಟ್ಟು ಪಕ್ಕದವರ ಅಂಕಣಕ್ಕೆ ಗಂಭೀರವಾಗಿ ನಡೆದುಹೋಗುತ್ತದೆ. ಅಲ್ಲಿ ನಾಲ್ಕು ಜನ ಸೊಂಟಕ್ಕೆ ಕೈಕೊಟ್ಟು ಅದನ್ನು ಬರಮಾಡಿಕೊಳ್ಳುತ್ತಾರೆ. ಇದಕ್ಕೆ ರಾಂಗ್ ಬಯಾಸ್ ಎಂದು ಹೆಸರು. ನಮ್ಮವರು ಮೊದಲ ಸಂಜೆ ಪಕ್ಕದವರಿಗೆ ಎಷ್ಟು ಚೆಂಡು ದಾನ ಮಾಡಿದರು ಎಂಬುದನ್ನು ನಾನು ಹೇಳುವುದಿಲ್ಲ. ಈ ಹರಟೆ ಅಚ್ಚಾದ ಮೇಲೂ ಅವರ ಜೊತೆ ಸಂಸಾರ ಮಾಡಬೇಕು. ಯಾರೂ ಬೈಯಲಿಲ್ಲ ಎನ್ನುವುದೇ ವಿಶೇಷ. “ಇವತ್ತಿಗೆ ನಿನ್ನ ಕಡೆಯಿಂದ ಒಂದು ಸುತ್ತು ಡ್ರಿಂಕ್ಸ್” ಎಂದು ನಕ್ಕರು, ಅಷ್ಟೆ. ಇವರು ತಮಾಷೆಯನ್ನೂ ಡಿಮ್ಯಾಂಡ್ ನೋಟೀಸು ಎಂದುಕೊಂಡು ಪರ್ಸು ತೆಗೆದರು.

ಮಂಡಿಯ ವಿಷಯ ಹೇಳಲೇಬೇಕು. ಎಸೆಯುವಾಗ ಒಂದು ಕಾಲು ಮುಂದಿಟ್ಟು ಚೆನ್ನಾಗಿ ಬಗ್ಗಬೇಕು, ಚೆಂಡು ನೆಲಕ್ಕೆ ದೊಪ್ಪೆಂದು ಬೀಳದೆ ಕೈಯಿಂದ ಜಾರಿದ್ದೇ ಗೊತ್ತಾಗಬಾರದು. ನಮ್ಮವರು ಯಾವ ಮೇಲಧಿಕಾರಿಗೂ ಬಗ್ಗಲಿಲ್ಲ ಎಂಬ ಹೆಮ್ಮೆಯಿಂದ ನಿವೃತ್ತರಾದವರು, ಹುಲ್ಲಿಗೆ ಬಗ್ಗುತ್ತಾರೆಯೇ? ಅವರ ಚೆಂಡು ಬಿದ್ದ ಸದ್ದಿಗೆ ಬಾರಿನೊಳಗಿದ್ದವರೂ ತಿರುಗಿ ನೋಡಿದರು. ಬಗ್ಗಲಾರದವರಿಗೆ ಇಲ್ಲಿ ಉದ್ದನೆಯ ಕೋಲಿನ ಸಾಧನವೊಂದಿದೆ, ಅದರ ತುದಿಯಲ್ಲಿ ಚೆಂಡು ಕಚ್ಚಿಸಿಕೊಂಡು ನಿಂತಲ್ಲೇ ಬಿಡಬಹುದು. ತೊಂಬತ್ತರ ಹತ್ತಿರ ಹತ್ತಿರದ ಅಜ್ಜನೊಬ್ಬ ಅದನ್ನು ಹಿಡಿದು ಎಸೆಯುವ ಅಂದ ನೋಡಬೇಕು. ಅಜ್ಜ ಪ್ರೀತಿಯಿಂದ ತನ್ನ ಕೋಲನ್ನು ಇವರಿಗೆ ನೀಡಿದ. ಆ ಕ್ಷಣದಿಂದ ಇವರ ಮಂಡಿ ತಾನಾಗಿಯೇ ಬಗ್ಗತೊಡಗಿತು.

ಇನ್ನು ಅಧಿಕಾರ. ನಾಲ್ವರ ತಂಡದಲ್ಲಿ ಮೊದಲು ಆಡುವವನು ಲೀಡ್, ಕೊನೆಗೆ ಆಡುವವನು ಸ್ಕಿಪ್. ಸ್ಕಿಪ್ ಆದವನು ಕಿಟ್ಟಿಯ ಹತ್ತಿರ ನಿಂತು ಕೈಸನ್ನೆ ಮಾಡುತ್ತ ಎಲ್ಲರಿಗೂ ಅಪ್ಪಣೆ ಕೊಡುತ್ತಾನೆ. ಲೀಡ್ ಆದವನು ಚಾಪೆ ಹಾಸಬೇಕು, ಕಿಟ್ಟಿ ಉರುಳಿಸಬೇಕು, ಹೇಳಿದ್ದನ್ನು ಕೇಳಬೇಕು. ನಮ್ಮ ಕ್ಲಬ್ಬಿನಲ್ಲಿ ಹೊಸಬರಿಗೆ ಕೊಡುವುದು ಲೀಡ್. ಹೆಸರು ಕೇಳಿ ಇವರು ಮೊದಲ ದಿನವೇ ತಮ್ಮನ್ನು ನಾಯಕನನ್ನಾಗಿ ಮಾಡಿದ್ದಾರೆ ಎಂದು ಉಬ್ಬಿದರು. ಚಾಪೆ ಕೈಗೆ ಬಂದಾಗ ಗೊತ್ತಾಯಿತು. ಇವರ ಸ್ಕಿಪ್ ಒಬ್ಬ ನಿವೃತ್ತ ಪ್ಲಂಬರ್. ಅಂಗಳದ ಆ ತುದಿಯಿಂದ ಆತ ಬೆರಳು ತೋರಿಸುತ್ತಾನೆ, ನಮ್ಮ ಮ್ಯಾನೇಜರು ಎಸೆಯುತ್ತಾರೆ. ಚೆಂಡು ಎಲ್ಲೋ ಹೋದರೂ ಆತ “ಗುಡ್ ಲೈನ್” ಎನ್ನುತ್ತಾನೆ. ದೂರ ತಪ್ಪಿದ್ದರೆ ದಿಕ್ಕನ್ನು ಹೊಗಳುತ್ತಾನೆ, ದಿಕ್ಕು ತಪ್ಪಿದ್ದರೆ ದೂರವನ್ನು. ಎರಡೂ ತಪ್ಪಿದ್ದರೆ ಹವಾಮಾನದ ಮಾತೆತ್ತುತ್ತಾನೆ. ಇಂಥ ಮೇಲಧಿಕಾರಿ ಸಿಕ್ಕಿದ್ದರೆ ಇವರಿಗೆ ಬಿ.ಪಿ. ಬರುತ್ತಿರಲಿಲ್ಲ.

ಎಲ್ಲರ ಚೆಂಡೂ ಮುಗಿದ ಮೇಲೆ ಲೆಕ್ಕ. ಕಿಟ್ಟಿಗೆ ಅತಿ ಹತ್ತಿರದ ಚೆಂಡು ಯಾರದೋ ಅವರಿಗೇ ಅಂಕ. ಎದುರಾಳಿಯ ಅತಿ ಹತ್ತಿರದ ಚೆಂಡಿಗಿಂತ ಒಳಗೆ ಅವರದು ಎಷ್ಟಿವೆಯೋ ಅಷ್ಟು. ಇನ್ನೊಬ್ಬರಿಗೆ ಸೊನ್ನೆ. ಯಾವುದು ಹತ್ತಿರ ಎನ್ನುವಲ್ಲಿ ಎಲ್ಲ ಕಥೆಯೂ ಶುರು. ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಾಳೆ, ನಾನು ಮನಸ್ಸಿನಲ್ಲೇ ಸೀಮೆಸುಣ್ಣದಜ್ಜಿ ಎಂದು ಕರೆಯುತ್ತೇನೆ. ಉರುಳುತ್ತಾ ಹೋಗಿ ಕಿಟ್ಟಿಯನ್ನು ಮುಟ್ಟಿದ ಚೆಂಡಿಗೆ ಸುಣ್ಣದ ಗೆರೆ ಹಾಕಬೇಕು. ಗೆರೆ ಬಿದ್ದ ಚೆಂಡು ಆಮೇಲೆ ಅಂಗಳದ ಕೊನೆಯ ತೋಡಿಗೆ ಬಿದ್ದರೂ ಬದುಕಿದ ಲೆಕ್ಕ, ಗೆರೆ ಇಲ್ಲದ್ದು ಬಿದ್ದರೆ ಸತ್ತ ಲೆಕ್ಕ. ಅಜ್ಜಿಯ ಜೇಬಿನಲ್ಲಿ ಸುಣ್ಣ, ಅಳೆಯುವ ಟೇಪು, ತೆಳುವಾದ ಲೋಹದ ಪಟ್ಟಿಗಳು, ಜೊತೆಗೆ ಪೆಪ್ಪರಮಿಂಟು. ವಿವಾದ ಬಂದಾಗ ಅವಳು ಹುಲ್ಲಿನ ಮೇಲೆ ಮೊಣಕಾಲೂರಿ ಟೇಪೆಳೆದು ಅಳೆಯುತ್ತಾಳೆ. ಇವರು ಹಿಂದೆ ನಿಂತು ಕಣ್ಣಳತೆಯಲ್ಲೇ ತೀರ್ಪು ಕೊಡುತ್ತಿರುತ್ತಾರೆ. ಈವರೆಗೆ ಟೇಪು ಇವರ ಮಾತು ಕೇಳಿಲ್ಲ.

ಇಷ್ಟಾದರೂ ಮನೆಗೆ ಬಂದವರು ಸುಮ್ಮನೆ ಕೂತರೆ? ಬೌಲ್ಸ್ ಚರಿತ್ರೆ ಓದತೊಡಗಿದರು. ಆಡುವುದಕ್ಕಿಂತ ಅದು ಸುಲಭ. ಊಟಕ್ಕೆ ಕೂತಾಗ ಹುಳಿಯ ಜೊತೆಗೆ ನಮಗೆಲ್ಲ ಅದೂ ಬಡಿಸಲ್ಪಟ್ಟಿತು. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 1299ರಿಂದ ಆಟದ ಅಂಗಳವಿದೆಯಂತೆ. 1588ರಲ್ಲಿ ಸ್ಪೇನಿನ ಹಡಗುಪಡೆ ದಂಡೆತ್ತಿ ಬಂದ ಸುದ್ದಿ ಸಿಕ್ಕಾಗ ಇಂಗ್ಲೆಂಡಿನ ನೌಕಾಧಿಕಾರಿ ಫ್ರಾನ್ಸಿಸ್ ಡ್ರೇಕ್ ಪ್ಲಿಮತ್‌ನಲ್ಲಿ ಬೌಲ್ಸ್ ಆಡುತ್ತಿದ್ದನಂತೆ, ಆಟ ಮುಗಿಸಿಯೇ ಹೊರಡೋಣ ಎಂದನಂತೆ. ಈ ಕಥೆಯನ್ನು ಬರೆದಿಟ್ಟದ್ದು ಯುದ್ಧ ಮುಗಿದು ಬಹಳ ವರ್ಷಗಳಾದ ಮೇಲೆ. ನಿಜವೇ ಆಗಿದ್ದರೂ ಆಗ ಗಾಳಿ, ಕಡಲಿನ ಉಬ್ಬರ ಎರಡೂ ಎದುರಿಗಿದ್ದು ಹಡಗು ಬಂದರು ಬಿಡುವಂತಿರಲಿಲ್ಲ ಎನ್ನುತ್ತಾರೆ. ಬಸ್ಸು ಬರುವ ತನಕ ಕಾಫಿ ಕುಡಿದವನಿಗೆಲ್ಲ ಶೂರನೆಂಬ ಬಿರುದು ಕೊಟ್ಟ ಹಾಗಾಯಿತು.

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಕಾನೂನು ಮಾತ್ರ ನನಗೆ ಹಿಡಿಸಿತು. ಜನ ಬಿಲ್ವಿದ್ಯೆ ಬಿಟ್ಟು ಚೆಂಡು ಉರುಳಿಸುತ್ತ ಕೂತಿದ್ದಾರೆಂದು 1541ರಲ್ಲಿ ಕಟ್ಟಳೆ ತಂದರು: ಕೂಲಿಯವರು, ಕಸುಬುದಾರರು, ಆಳುಕಾಳುಗಳು ಕ್ರಿಸ್ಮಸ್ ಬಿಟ್ಟು ಬೇರೆ ದಿನ ಆಡಕೂಡದು, ಆಗಲೂ ಧಣಿಯ ಮನೆಯಲ್ಲಿ ಇಲ್ಲವೇ ಅವನ ಕಣ್ಣೆದುರು ಆಡಬೇಕು. ವರ್ಷಕ್ಕೆ ನೂರು ಪೌಂಡ್ ಹುಟ್ಟುವಳಿ ಇದ್ದವರಿಗೆ ತಮ್ಮ ಅಂಗಳದಲ್ಲಿ ಆಡಲು ಲೈಸೆನ್ಸ್ ಸಿಗುತ್ತಿತ್ತು. ಈ ಕಟ್ಟಳೆ ರದ್ದಾದದ್ದು 1845ರಲ್ಲಿ. ತಮಾಷೆ ನೋಡಿ, ಅದೇ ವರ್ಷ ಆಸ್ಟ್ರೇಲಿಯಾದ ಮೊದಲ ಆಟ ಹೋಬಾರ್ಟಿನ ಸ್ಯಾಂಡಿ ಬೇಯಲ್ಲಿ ನಡೆಯಿತು. ಈಗ ಪ್ಲಂಬರ್ ಹೇಳಿದಂತೆ ಮ್ಯಾನೇಜರು ಆಡುತ್ತಿದ್ದಾರೆ. ಹೆನ್ರಿ ಇದ್ದಿದ್ದರೆ ಎದೆಯೊಡೆದುಕೊಳ್ಳುತ್ತಿದ್ದ.

ಕ್ರಿಕೆಟ್ಟಿನ ಗಡ್ಡದ ಡಬ್ಲ್ಯೂ.ಜಿ. ಗ್ರೇಸ್ ಇಂಗ್ಲಿಷ್ ಬೌಲಿಂಗ್ ಸಂಸ್ಥೆಯ ಮೊದಲ ಅಧ್ಯಕ್ಷ, 1903ರಲ್ಲಿ. ಇದು ತಿಳಿದ ಮೇಲೆ “ಮುದುಕರ ಆಟ” ಎನ್ನುವ ಮಾತು ನಮ್ಮ ಮನೆಯಿಂದ ಗಡೀಪಾರಾಯಿತು. “ಕ್ರಿಕೆಟ್ ಕಲಿತವರು ಮುಂದೆ ಬರುವುದು ಇಲ್ಲಿಗೇ” ಎಂಬುದು ಈಗಿನ ಸಿದ್ಧಾಂತ. ಇವರು ಕಲಿತ ಕ್ರಿಕೆಟ್ಟು ಎಂದರೆ ರೇಡಿಯೋ ಪಕ್ಕ ಕೂತು ಕಾಮೆಂಟರಿ ಕೇಳಿದ್ದು.

ಆದರೆ ಕ್ಲಬ್ಬಿನಲ್ಲಿ ಇವರ ಮಾನ ಉಳಿಸಿದ್ದು ಗ್ರೇಸ್ ಅಲ್ಲ, ನಮ್ಮ ಹೆಣ್ಣುಮಕ್ಕಳು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ, ನಯನಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ನಾಲ್ವರೂ ಸೇರಿ ದಕ್ಷಿಣ ಆಫ್ರಿಕಾವನ್ನು 17–10ರಿಂದ ಸೋಲಿಸಿ ಚಿನ್ನ ತಂದರು. ಈ ಆಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಆಗ ಒಬ್ಬಾಕೆ ಜಾರ್ಖಂಡಿನ ಪೊಲೀಸು, ಒಬ್ಬಾಕೆ ಅಸ್ಸಾಮಿನ ಅರಣ್ಯ ಇಲಾಖೆ. ಸೆಮಿಫೈನಲ್ಲಿನಲ್ಲಿ ಅವರು ಕೆಡವಿದ್ದು ನ್ಯೂಜಿಲೆಂಡನ್ನು. ಅಂದಮೇಲೆ ಆಸ್ಟ್ರೇಲಿಯಾದವರಿಗೆ ಅದು ಮರೆಯುವ ಸಂಗತಿಯೇ? “ಇಂಡಿಯಾದವನಾ! ನಿಮ್ಮ ಹುಡುಗಿಯರು ಭಾರಿ ಆಡಿದರು” ಎಂದು ಸೀಮೆಸುಣ್ಣದಜ್ಜಿ ಇವರ ಕೈಕುಲುಕಿದಳು. ಇವರು ಆ ನಾಲ್ವರಿಗೂ ತಾವೇ ತರಬೇತಿ ಕೊಟ್ಟವರಂತೆ ತಲೆದೂಗಿದರು.

ಆಟದ ನಡುವೆ ಬಿಡುವು, ಬಿಡುವಿನಲ್ಲಿ ಚಹಾ, ಆಮೇಲೆ ಲಾಟರಿ. ಇಲ್ಲಿಯ ಕ್ಲಬ್ಬುಗಳ ಲಾಟರಿ ಬಹುಮಾನ ಏನು ಗೊತ್ತೇ? ಮಾಂಸದ ತಟ್ಟೆ. ಚಾಪ್ಸು, ಸಾಸೇಜು, ಸ್ಟೇಕು ಎಲ್ಲ ಜೋಡಿಸಿ ಪ್ಲಾಸ್ಟಿಕ್ ಸುತ್ತಿದ ದೊಡ್ಡ ತಟ್ಟೆ. ಕ್ಲಬ್ಬಿಗೆ ಸಹಾಯವಾಗಲಿ ಎಂದು ಇವರು ಚೀಟಿ ಕೊಂಡರು. ಜನ್ಮದಲ್ಲಿ ಒಂದು ಲಾಟರಿಯೂ ಹೊಡೆಯದ ಮನುಷ್ಯನಿಗೆ ಅಂದು ಹೊಡೆಯಿತು. ಅಂದು ಏಕಾದಶಿ, ಬೆಳಗಿನಿಂದ ಬರೀ ಅವಲಕ್ಕಿ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಇವರು ಎರಡು ಕೈಯಲ್ಲೂ ತಟ್ಟೆ ಹಿಡಿದು ನನ್ನ ಮುಖ ನೋಡುತ್ತಿದ್ದಾರೆ. ಕಡೆಗೆ ತಟ್ಟೆ ಸೀಮೆಸುಣ್ಣದಜ್ಜಿಯ ಪಾಲಾಯಿತು. ಮುಂದಿನ ಶುಕ್ರವಾರ ಅವಳು ತನ್ನ ಹಿತ್ತಲ ಗಿಡದ ನಿಂಬೆಹಣ್ಣು ಒಂದು ಚೀಲ ತಂದುಕೊಟ್ಟಳು. ನಾನು ಉಪ್ಪಿನಕಾಯಿ ಹಾಕಿ ಒಂದು ಬಾಟಲಿ ಅವಳಿಗೆ, ಒಂದು ಪ್ಲಂಬರಿಗೆ ಕೊಟ್ಟೆ. ಪ್ಲಂಬರು ಅದನ್ನು ಬ್ರೆಡ್ಡಿನ ನಡುವೆ ಸಾಸೇಜಿನ ಜೊತೆ ಇಟ್ಟು ತಿಂದು ಕಣ್ಣಲ್ಲಿ ನೀರು ತಂದುಕೊಂಡು ಇನ್ನೊಂದು ಬಾಟಲಿ ಕೇಳಿದ. ಈಗ ಲಾಟರಿಯಲ್ಲಿ ಎರಡನೆಯ ಬಹುಮಾನ ನನ್ನ ನಿಂಬೆಕಾಯಿ ಉಪ್ಪಿನಕಾಯಿ. ಇವರು ಗೆದ್ದ ಒಂದೇ ಬಹುಮಾನದಿಂದ ಹೆಸರು ಬಂದದ್ದು ನನಗೆ.

ಅಸಲಿಗೆ ಈ ಆಟದಲ್ಲಿ ಎಸೆಯುವ ಹೊತ್ತು ಕಡಿಮೆ, ನಿಂತು ಮಾತಾಡುವ ಹೊತ್ತು ಹೆಚ್ಚು. ನಿಮ್ಮ ಎರಡು ಚೆಂಡು ಎಸೆದಿರಿ ಎಂದರೆ ಮಿಕ್ಕ ಹದಿನಾಲ್ಕು ಚೆಂಡು ಮುಗಿಯುವ ತನಕ ಮಂಡಿನೋವು, ಮೊಮ್ಮಕ್ಕಳು, ಟೊಮೇಟೊ ಗಿಡ, ಆಸ್ಪತ್ರೆಯ ಸರತಿ, ಎಲ್ಲ ಆಗುತ್ತದೆ. ನನ್ನ ಮಟ್ಟಿಗೆ ಇದು ಚೆಂಡಿನ ನೆಪದ ಹರಟೆ. ಆಟ ಬಾರದವರನ್ನು ಕ್ಲಬ್ಬು ಸಹಿಸಿಕೊಳ್ಳುತ್ತದೆ, ಮಾತು ಬಾರದವರದ್ದೇ ಕಷ್ಟ. ನಮ್ಮವರ ಇಂಗ್ಲಿಷ್ ಸರ್ಕ್ಯುಲರ್ ಇಂಗ್ಲಿಷ್. ಆದರೂ ಬಡ್ಡಿ, ಪಿಂಚಣಿ ವಿಷಯಕ್ಕೆ ಈಗ ಎಲ್ಲರೂ ಇವರ ಸುತ್ತಲೇ ನಿಲ್ಲುತ್ತಾರೆ.

ತೊಂದರೆ ಒಂದೇ. ಬೇಸಿಗೆ ಹತ್ತಿರವಾಯಿತೆಂದರೆ ಇಲ್ಲಿ ಪೆನೆಂಟ್ ಎಂಬ ಪಂದ್ಯಾವಳಿ, ಶನಿವಾರ ಶನಿವಾರ. ನವೆಂಬರಿಗೆಲ್ಲ ಅದು ಶುರುವಾಗಿರುತ್ತದೆ, ಕನ್ನಡ ಸಂಘದ ರಾಜ್ಯೋತ್ಸವವೂ ಶನಿವಾರವೇ. ನಾಡಗೀತೆಗೆ ನಿಲ್ಲಬೇಕಾದ ನಮ್ಮವರನ್ನು ಈ ಸಲ ಕೆಳಗಿನ ದರ್ಜೆಯ ತಂಡಕ್ಕೆ ಲೀಡ್ ಆಗಿ ಕರೆದಿದ್ದಾರೆ. ಸಂಘದವರಿಗೆ ಇವರಿಗೆ ಮಂಡಿನೋವು ಎಂದು ಹೇಳಬೇಕಂತೆ, ನಾನು.

ಮಕ್ಕಳ ಮನೆಗೆಂದು ಈ ಕಡೆ ಬರುವ ಅಪ್ಪ ಅಮ್ಮಂದಿರೇ, ಬಂದವರು ಕಿಟಕಿಯ ಪಕ್ಕ ಕೂತು ಸೊಸೆಯ ಕಾರು ಕಾಯಬೇಡಿ. ಹತ್ತಿರದ ಬೌಲ್ಸ್ ಕ್ಲಬ್ಬಿಗೆ ಒಂದು ಶುಕ್ರವಾರ ಹೋಗಿ. ಸೂಟ್‌ಕೇಸಿನಲ್ಲಿ ಸಪಾಟು ಅಡಿಯ ಷೂ ಒಂದು ಜೊತೆ ಇರಲಿ. ಚೆಂಡು ಕ್ಲಬ್ಬಿನವರೇ ಕೊಡುತ್ತಾರೆ.