ಕೆರೆಗೆ ದೋಣಿ ಬಿಡುವ ಸಾಹೇಬರಿಗೊಂದು ಬಹಿರಂಗ ಪತ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸಣ್ಣಪುಟ್ಟ ಕೆರೆಗಳನ್ನೆಲ್ಲ ಪ್ರವಾಸಿ ತಾಣ ಮಾಡಲು ನಕ್ಷೆ ಹಿಡಿದು ತಿರುಗುತ್ತಿರುವ ಸಾಹೇಬರಿಗೆ, ಒಡ್ಡಿನ ಕೆಳಗಿನ ಹೊಲದವನ ಶರಣು ಶರಣಾರ್ಥಿ.

ತಮ್ಮ ಕನಸಿಗೆ ರಾಜಮನೆತನದ ಪರಂಪರೆಯೇ ಇದೆ. ಆದಿಲ್‌ಶಾಹಿ ಸುಲ್ತಾನರು ಕುಮಟಗಿಯಲ್ಲಿ ಕೆರೆ ಪಕ್ಕ ಬೇಸಿಗೆ ಮಹಲು ಕಟ್ಟಿಸಿ, ಚಾವಣಿಯಿಂದ ನೀರು ಸುರಿಸಿಕೊಂಡು ತಂಪಾಗಿದ್ದರು. ಓಟು ಕೇಳುವ ತಾಪತ್ರಯ ಅವರಿಗಿರಲಿಲ್ಲ, ಅಷ್ಟೇ. ಇನ್ನು ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು, 2006ರಲ್ಲಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ್ದು. ಈಗಲ್ಲಿ ಉದ್ಯಾನ, ಸಂಗೀತ ಕಾರಂಜಿ, ದೋಣಿ. ಮನೆ ಮುಳುಗಿಸಿಕೊಂಡವರಿಗೂ ಪ್ರವೇಶವುಂಟು, ಟಿಕೀಟು ತಗೊಂಡರೆ.

ನಮ್ಮ ಜಿನುಗು ಕೆರೆಗೆ ಮಾತ್ರ ಒಂದು ಕೆಟ್ಟ ಚಾಳಿ. ಮಳೆಗಾಲದಲ್ಲಿ ತುಂಬಿಸಿಕೊಂಡದ್ದನ್ನೆಲ್ಲ ನೆಲಕ್ಕೆ ಕುಡಿಸಿ ಯುಗಾದಿ ಹೊತ್ತಿಗೆ ಬರಿಗೈಯಾಗಿ ಕೂಡುತ್ತದೆ. ಆ ನೀರು ಕೆಳಗಿನ ಬಾವಿಗಳಲ್ಲೆದ್ದು ಲಿಂಬೆ ಗಿಡದ ಬುಡ ಸೇರುತ್ತದೆ. ಬಾವಿಯೊಳಗಿನ ನೀರಿನೆದುರು ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ? ದೋಣಿ ವರ್ಷವಿಡೀ ತೇಲಬೇಕೆಂದರೆ ಕೆರೆಯ ತಳಕ್ಕೆ ಕೃಷಿ ಹೊಂಡದ ಪ್ಲಾಸ್ಟಿಕ್ ಹಾಸಿಬಿಡಿ. ಶರಬತ್ತಿಗೆ ಬೇಕಾದ ಲಿಂಬೆಯನ್ನು ಇಂಡಿಯವರು ಬೇರೆ ಊರಿಂದ ತರಿಸಿಕೊಂಡಾರು.

ಒಡ್ಡಿನ ಮೇಲೆ ಪೇವರ್ಸ್, ಬಣ್ಣದ ದೀಪ, ಸೆಲ್ಫಿ ಪಾಯಿಂಟ್ ಎಂದು ಬರೆದಿದ್ದೀರಿ. ಜಾಲಿ ಗಿಡಗಳನ್ನು ನೆರಳಿಗೆಂದು ಉಳಿಸಿದ್ದೂ ಪುಣ್ಯದ ಕೆಲಸ. ಬೇರು ಕೊಳೆತರೆ ನೀರಿಗೆ ಒಳದಾರಿಯಾದೀತು, ಹೆಗ್ಗಣದ ಬಿಲ ಜೊತೆಗೂಡಿದರೆ ಇನ್ನೂ ಸಲೀಸು. ಒಡ್ಡಿನ ಬುಡದಲ್ಲಿ ಮೊದಲು ತಿಳಿನೀರು ಒಸರುತ್ತದೆ. ಅದು ಕದಡಿ ಬರತೊಡಗಿತೆಂದರೆ ಒಳಗಿನ ಮಣ್ಣೇ ಹೊರಟಿದೆ ಎಂದರ್ಥ. ನೋಡಬೇಕಾದರೆ ಕೆಳಮಗ್ಗುಲಿಗೆ ಇಳಿಯಬೇಕು. ಅಲ್ಲಿ ಪೇವರ್ಸ್ ಇಲ್ಲ, ಬೂಟಿಗೆ ಕೆಸರಾಗುತ್ತದೆ, ಬೇಡ ಬಿಡಿ.

ತೂಬಿನ ಬಾಗಿಲು ತುಕ್ಕು ಹಿಡಿದಿದೆ; ತಮ್ಮ ಅಂದಾಜು ಪಟ್ಟಿಯಲ್ಲಿ ಅದಕ್ಕೆ ಸಾಲಿಲ್ಲ. ಕೋಡಿಗೆ ಮರಳು ಚೀಲ ಪೇರಿಸಿ ದೋಣಿಗಾಗಿ ನೀರು ಏರಿಸುವ ಯೋಚನೆಯಂತೂ ಅದ್ಭುತ. ಹೆಚ್ಚಾದ ನೀರಿಗೆ ಹೋಗಲು ಇರುವುದು ಅದೊಂದೇ ದಾರಿ. ಅದು ಮುಚ್ಚಿದ ಮೇಲೆ ದೊಡ್ಡ ಮಳೆಯಾದರೆ ನೀರು ಒಡ್ಡನ್ನೇ ಹತ್ತಿ ಇಳಿಯುತ್ತದೆ. ಮಣ್ಣಿನ ಒಡ್ಡು ಕಾಂಕ್ರೀಟಿನ ಹಾಗೆ ಹಟ ಮಾಡುವುದಿಲ್ಲ, ಕೆಲವೇ ತಾಸಿನಲ್ಲಿ ದಾರಿ ಬಿಟ್ಟುಕೊಡುತ್ತದೆ.

ಟೆಂಡರ್ ಕರೆಯುವ ಮುನ್ನ ಒಂದೇ ವಿನಂತಿ. ಲೈಫ್ ಜಾಕೆಟ್‌ಗಳನ್ನು ದೋಣಿಯಲ್ಲಿಡಬೇಡಿ, ಒಡ್ಡಿನ ಕೆಳಗಿನ ಊರಿನ ಪಂಚಾಯಿತಿಗೆ ಕೊಡಿ. ಮಕ್ಕಳ ಅಳತೆಯವೂ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಒಡ್ಡಿನ ಕೆಳಗಿನ ಹೊಲದವ