ನಮ್ಮ ಬಸ್ ಸ್ಟ್ಯಾಂಡನ್ನೂ ವಿಮಾನ ನಿಲ್ದಾಣವೆಂದು ಘೋಷಿಸಿ

ಕೇಂದ್ರ ಆರೋಗ್ಯ ಮಂತ್ರಿಗಳ ಸನ್ನಿಧಾನಕ್ಕೆ,

ಸಿರುಗುಪ್ಪ ಸೀಮೆಯಿಂದ ಬೀಡಿ ಸೇದದವನೊಬ್ಬನ ಶರಣು. ಬಸ್ಸಿಗೆ ಕಾಯುವಾಗ ಪಕ್ಕದವರು ಬಿಟ್ಟ ಹೊಗೆಯನ್ನು ಪುಕ್ಕಟೆ ಎಳೆದುಕೊಳ್ಳುವ ಫಲಾನುಭವಿ ನಾನು.

2003ರ ತಂಬಾಕು ಕಾಯ್ದೆಯ 4ನೇ ಕಲಂ ಓದಿ ಪುಳಕಗೊಂಡೆ. ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಅಪರಾಧ. ಆದರೆ 30 ಕೋಣೆಯ ಹೋಟೆಲಲ್ಲಿ, 30 ಜನ ಕೂರುವ ರೆಸ್ಟೋರೆಂಟಲ್ಲಿ, ವಿಮಾನ ನಿಲ್ದಾಣದಲ್ಲಿ ಸೇದುವವರಿಗೆ ಬೇರೆ ಜಾಗ ಮಾಡಿಕೊಡಬಹುದು! ಬಸ್ ಸ್ಟ್ಯಾಂಡಿನ ಹೆಸರಿಲ್ಲ. ಆ ಜಾಗ ಹೇಗಿರಬೇಕೆಂದು 2008ರ ನಿಯಮ ಹೇಳುತ್ತದೆ: ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ, ತಾನೇ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ಹೊರಗೆ ದಬ್ಬುವ ವ್ಯವಸ್ಥೆ. ನಮ್ಮ ಕಡೆ ಎಷ್ಟೋ ಶೌಚಾಲಯಗಳಿಗೆ ಈ ಯೋಗವಿಲ್ಲ. ವಿಮಾನ ಹತ್ತುವವನ ಕಡ್ಡಿಪೆಟ್ಟಿಗೆಯನ್ನು ತಪಾಸಣೆಯಲ್ಲಿ ಕಿತ್ತುಕೊಂಡು, ಆಮೇಲೆ ಸೇದುವ ಕೋಣೆಗೆ ದಾರಿ ತೋರಿಸುತ್ತಾರಂತೆ. ದೊಡ್ಡವರ ಆಟ ದೊಡ್ಡದು.

ಬಳ್ಳಾರಿಯ ಸಂಗತಿ ಇನ್ನೂ ಸೊಗಸು. ವಿಮಾನ ನಿಲ್ದಾಣಕ್ಕೆಂದು ಚಾಗನೂರು, ಸಿರಿವಾರದ ರೈತರ ಹೊಲ ಹೋಗಿ ವರ್ಷಗಳಾದವು, ವಿಮಾನದ ಸುಳಿವಿಲ್ಲ. ಇನ್ನೂ ಹುಟ್ಟದ ಆ ನಿಲ್ದಾಣದಲ್ಲಿ ಸೇದುವ ಕೋಣೆಗೆ ಕಾಯ್ದೆ ಆಗಲೇ ಒಪ್ಪಿಗೆ ಕೊಟ್ಟು ಕೂತಿದೆ. ದಿನಾ ಜನ ತುಂಬುವ ಕುರುಗೋಡಿನ ಬಸ್ ಸ್ಟ್ಯಾಂಡಿಗೆ ಮಾತ್ರ ಕೊಟ್ಟಿಲ್ಲ. ಅಲ್ಲಿ ಬೀಡಿ ಹಚ್ಚಿದವನಿಗೆ ದಂಡವೇ ಗತಿ. ನಮ್ಮ ರಾಜ್ಯ ಆ ದಂಡವನ್ನು 200 ರೂಪಾಯಿಯಿಂದ 1000ಕ್ಕೆ ಏರಿಸಿದೆ. ಭತ್ತದ ಗದ್ದೆಯ ಆಳಿಗೆ ಒಂದು ದಿನದ ಕೂಲಿ ಅದಕ್ಕೆ ಸಾಲದು.

ಆಫ್ರಿಕಾದ ಉಗಾಂಡಾ ನೋಡಿ. ಸಾರ್ವಜನಿಕ ಸ್ಥಳದಿಂದ 50 ಮೀಟರ್ ಆಚೆ ಹೋಗಿ ಸೇದು ಎಂದಿತು ಅಲ್ಲಿನ 2015ರ ಕಾಯ್ದೆ. ಟಿಕೆಟ್ಟಿನ ಬೆಲೆ ನೋಡಿ ಮಾತಾಡುವ ಮರ್ಯಾದೆ ಅವರಿಗಿನ್ನೂ ತಿಳಿದಂತಿಲ್ಲ.

ಆದ್ದರಿಂದ ನಮ್ಮ ಬಸ್ ಸ್ಟ್ಯಾಂಡುಗಳನ್ನೆಲ್ಲ ವಿಮಾನ ನಿಲ್ದಾಣಗಳೆಂದು ಘೋಷಿಸಬೇಕಾಗಿ ಬೇಡಿಕೆ. ತಾಂತ್ರಿಕ ತೊಡಕೇನಿಲ್ಲ, ರಸ್ತೆಯ ಹಂಪು ಬಂದಾಗ ಹಿಂದಿನ ಸೀಟಿನ ನಾವು ಹೇಗೂ ಹಾರುತ್ತೇವೆ. ಇದು ಆಗದಿದ್ದರೆ ಇನ್ನೊಂದು ದಾರಿ ನಿಮ್ಮ ಇಲಾಖೆಯಲ್ಲೇ ಇದೆ: ಈ ವಿನಾಯಿತಿಗೆ ಕತ್ತರಿ ಹಾಕಹೊರಟ 2020ರ ತಿದ್ದುಪಡಿಯ ಕರಡು. ಆ ಕಡತದ ಧೂಳು ಕೊಡವಿ. ಕೆಮ್ಮು ಬಂದರೆ ಗಾಬರಿ ಬೇಡ, ಅದು ನಮಗೆ ರೂಢಿ.

ಇಂತಿ ತಮ್ಮ ವಿಧೇಯ,
ಬಳ್ಳಾರಿ ಬಸ್ಸಿಗೆ ಕಾಯುತ್ತಿರುವವ